ಟಿ.ವಿ. ಬೆನ್ನಿನ ಕಿಂಡಿ

ಕೋಣನಕುಂಟೆಯಂತಹ ಬಡಾವಣೆಯ ಮನೆಯಲ್ಲಿ ಇಂದು ಹಳೆಯ ಮದುವೆಯ ವಿಡಿಯೊ ನೋಡಬೇಕೆನಿಸಿದರೆ ಬೇಕಾಗುವ ಸಾಮಗ್ರಿ ಬಹಳವೇನಿಲ್ಲ. ಅಂಗೈ ಅಗಲದ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಗೇಣುದ್ದದ ಒಂದು ಕೇಬಲ್, ಟಿ.ವಿ.ಯ ಬೆನ್ನಿನಲ್ಲೋ ಪಕ್ಕದಲ್ಲೋ ಇರುವ ಒಂದು ಚಪ್ಪಟೆ ಕಿಂಡಿ, ಇಷ್ಟು ಸಾಕು. ಕೇಬಲ್ ಚುಚ್ಚಿದ ಅರ್ಧ ನಿಮಿಷದಲ್ಲಿ ಪರದೆಯ ಮೇಲೆ ಫೈಲುಗಳ ಪಟ್ಟಿ ಮೂಡುತ್ತದೆ. ರಿಮೋಟ್ ಒತ್ತಿದರೆ ನಾದಸ್ವರ ಕೇಳಿಸುತ್ತದೆ.

ನೋಡಲು ಇಷ್ಟು ಸರಳವಾದ ಈ ಜೋಡಣೆಯ ಹಿಂದೆ ನಾಲ್ಕು ದಶಕಗಳ ಇತಿಹಾಸವಿದೆ. ಪರದೆಯ ಮೇಲೆ ಏನು ಮೂಡಬೇಕು, ಯಾವಾಗ ಮೂಡಬೇಕು ಎಂಬುದನ್ನು ನಿರ್ಧರಿಸುವವರು ಯಾರು? ಆಕಾಶವಾಣಿಯ ಗೋಪುರದಂತೆಯೇ ದೂರದರ್ಶನದ ಗೋಪುರವೂ ಒಂದು ಕಾಲಕ್ಕೆ ಇದಕ್ಕೆ ಒಡೆಯನಾಗಿತ್ತು. ಆ ಒಡೆತನ ಹಂತಹಂತವಾಗಿ ಮನೆಯವರ ಕೈಗೆ ಬಂದ ಕಥೆಯೇ ಟಿ.ವಿ. ಬೆನ್ನಿನ ಕಿಂಡಿಗಳ ಕಥೆ. ಆದರೆ ಒಡೆತನದ ಜೊತೆಗೆ ಇನ್ನೊಂದು ಹೊರೆಯೂ ಮನೆಗೆ ಬಂದಿತು. ಅದು ಕಾಪಾಡಿಕೊಳ್ಳುವ ಹೊರೆ. ಬಹಳ ಮನೆಗಳಲ್ಲಿ ಅದರ ಅರಿವು ಇನ್ನೂ ಮೂಡಿಲ್ಲ.

ಆಕಾಶದಿಂದ ಬಂದ ಚಿತ್ರ

ಕರ್ನಾಟಕಕ್ಕೆ ಟಿ.ವಿ. ಮೊದಲು ಬಂದದ್ದು ರಾಜಧಾನಿಗಲ್ಲ, ಹಳ್ಳಿಗಳಿಗೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆದ 'ಸೈಟ್' ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳು ಪ್ರಸಾರವಾದವು. ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ತಂತಿಬಲೆಯಿಂದ ಮಾಡಿದ ದೊಡ್ಡ ತಟ್ಟೆಯಂತಹ ಆಂಟೆನಾ, ಸಾರ್ವಜನಿಕ ಸ್ಥಳದಲ್ಲಿ ಇಟ್ಟ ಒಂದೇ ಒಂದು ಟಿ.ವಿ., ಅದರ ಮುಂದೆ ಇಡೀ ಊರು. ಉಪಗ್ರಹದ ಅವಧಿ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಆರಂಭವಾಯಿತು. ಬೆಂಗಳೂರಿನ ಸರದಿ ಬಂದದ್ದು 1981ರ ನವೆಂಬರ್‌ನಲ್ಲಿ.

ಆ ವೇಳೆಗೆ ಕೋಣನಕುಂಟೆ ಕನಕಪುರ ರಸ್ತೆಯ ಬದಿಯ ಒಂದು ಹಳ್ಳಿ. ಹೆಸರೇ ಹೇಳುವಂತೆ ಕುಂಟೆ ಎಂದರೆ ಸಣ್ಣ ಕೊಳ, ದನಕರುಗಳು ನೀರು ಕುಡಿಯುವ ಜಾಗ. ಜಯನಗರ, ಜೆ.ಪಿ. ನಗರಗಳು ದಕ್ಷಿಣಕ್ಕೆ ಬೆಳೆಯುತ್ತ ಬಂದಂತೆ ಹೊಲಗಳು ಸೈಟುಗಳಾದವು, ಸೈಟುಗಳ ಮೇಲೆ ಮನೆಗಳೆದ್ದವು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಊರು ನಗರದೊಳಗೆ ಸೇರಿಹೋಯಿತು. 2021ರ ಜನವರಿಯಲ್ಲಿ ಕೋಣನಕುಂಟೆ ಕ್ರಾಸ್‌ಗೆ ಮೆಟ್ರೊ ರೈಲೂ ಬಂದಿತು. ಹಳ್ಳಿಯೊಂದು ನಗರವಾದ ಈ ನಲವತ್ತು ವರ್ಷಗಳೇ ಮನೆಯ ಟಿ.ವಿ. ಹಲವು ಅವತಾರಗಳನ್ನು ಎತ್ತಿದ ಅವಧಿಯೂ ಹೌದು.

ಎಂಬತ್ತರ ದಶಕದ ಟಿ.ವಿ.ಯ ಬೆನ್ನಿನಲ್ಲಿ ಇದ್ದದ್ದು ಸಾಮಾನ್ಯವಾಗಿ ಒಂದೇ ಒಂದು ಕಿಂಡಿ. ಮಾಡಿನ ಮೇಲಿನ ಆಂಟೆನಾದಿಂದ ಇಳಿದು ಬಂದ ತಂತಿ ಅದಕ್ಕೆ ಸೇರುತ್ತಿತ್ತು. ಗಾಳಿಗೆ ಆಂಟೆನಾ ತಿರುಗಿದರೆ ಒಬ್ಬರು ಮಾಡಿನ ಮೇಲೆ, ಒಬ್ಬರು ಕಿಟಕಿಯ ಬಳಿ, ಇನ್ನೊಬ್ಬರು ಟಿ.ವಿ.ಯ ಮುಂದೆ ನಿಂತು 'ಬಂತಾ, ಹೋಯ್ತಾ' ಎಂದು ಕೂಗಬೇಕಾಗಿತ್ತು. ದೂರದರ್ಶನ ಯಾವ ದಿನ ಯಾವ ಕನ್ನಡ ಚಿತ್ರ ಹಾಕುತ್ತದೋ ಅದೇ ಚಿತ್ರ. 'ಚಿತ್ರಮಂಜರಿ'ಯಲ್ಲಿ ಯಾವ ಹಾಡು ಬರುತ್ತದೋ ಅದೇ ಹಾಡು. ತಪ್ಪಿದರೆ ತಪ್ಪಿತು. ಮತ್ತೆ ನೋಡುವ ಮಾತಿರಲಿಲ್ಲ.

ಮನೆಯೊಳಗೊಂದು ಪುಟ್ಟ ಪ್ರಸಾರ ಕೇಂದ್ರ

ಈ ಕಟ್ಟನ್ನು ಮೊದಲು ಸಡಿಲಿಸಿದ್ದು ವಿಡಿಯೊ ಕ್ಯಾಸೆಟ್. ಜಪಾನಿನ ಸೋನಿ ಕಂಪನಿ 1975ರಲ್ಲಿ ಬೀಟಾಮ್ಯಾಕ್ಸನ್ನೂ ಜೆವಿಸಿ ಕಂಪನಿ 1976ರಲ್ಲಿ ವಿಎಚ್‌ಎಸ್ಸನ್ನೂ ಮಾರುಕಟ್ಟೆಗೆ ತಂದವು. ಪೈಪೋಟಿಯಲ್ಲಿ ಗೆದ್ದದ್ದು ವಿಎಚ್‌ಎಸ್. ಅರ್ಧ ಅಂಗುಲ ಅಗಲದ, ಸುಮಾರು 250 ಮೀಟರ್ ಉದ್ದದ ಕಾಂತೀಯ ಟೇಪು ಸುತ್ತಿದ ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಒಂದು ಕನ್ನಡ ಚಿತ್ರ ಪೂರ್ತಿಯಾಗಿ ಹಿಡಿಸುತ್ತಿತ್ತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶಕ್ಕೆ ಬಣ್ಣದ ಪ್ರಸಾರ ಬಂದಾಗ ಟಿ.ವಿ.ಯ ಬೆನ್ನ ಹಿಂದೆಯೇ ವಿಸಿಆರ್ ಕೂಡ ಮಧ್ಯಮ ವರ್ಗದ ಕನಸಿನೊಳಗೆ ಕಾಲಿಟ್ಟಿತು.

ಆದರೆ ಒಂದು ತೊಡಕಿತ್ತು. ಟಿ.ವಿ.ಗೆ ತಿಳಿದಿದ್ದುದು ಪ್ರಸಾರ ಕೇಂದ್ರದ ಭಾಷೆ ಮಾತ್ರ. ಆಂಟೆನಾದ ಕಿಂಡಿಯೊಂದನ್ನು ಬಿಟ್ಟರೆ ಅದಕ್ಕೆ ಬೇರೆ ಬಾಯಿಯಿಲ್ಲ. ಎಂಜಿನಿಯರುಗಳು ಇದಕ್ಕೆ ಜಾಣ ಉಪಾಯ ಹುಡುಕಿದರು. ವಿಸಿಆರ್ ಒಳಗೇ ಒಂದು ಪುಟ್ಟ ಪ್ರಸಾರ ಯಂತ್ರವನ್ನು ಕೂಡಿಸಿದರು. ಕ್ಯಾಸೆಟ್ಟಿನ ಚಿತ್ರವನ್ನು ಅದು ರೇಡಿಯೊ ಅಲೆಯ ಮೇಲೆ ಏರಿಸಿ, ದೂರದರ್ಶನ ಬಳಸದ ಒಂದು ಚಾನೆಲ್ಲಿನಲ್ಲಿ ಟಿ.ವಿ.ಗೆ ಕಳಿಸುತ್ತಿತ್ತು. ಟಿ.ವಿ. ಅದನ್ನು ಇನ್ನೊಂದು ಪ್ರಸಾರ ಕೇಂದ್ರವೆಂದೇ ನಂಬುತ್ತಿತ್ತು. ಹಾಗೆ ನೋಡಿದರೆ ವಿಸಿಆರ್ ಇದ್ದ ಮನೆಯೆಂದರೆ ಸ್ವಂತ ದೂರದರ್ಶನ ಕೇಂದ್ರವಿದ್ದ ಮನೆ. ಹಳದಿ, ಕೆಂಪು, ಬಿಳಿ ಬಣ್ಣದ ಮೂರು ಗುಂಡಿಯಂತಹ ಎ.ವಿ. ಕಿಂಡಿಗಳು ಟಿ.ವಿ.ಗಳಲ್ಲಿ ಸಾಮಾನ್ಯವಾದದ್ದು ಆಮೇಲೆ. ಹಳದಿ ಚಿತ್ರಕ್ಕೆ, ಉಳಿದೆರಡು ಧ್ವನಿಗೆ.

ಎಲ್ಲರಿಗೂ ವಿಸಿಆರ್ ಕೊಳ್ಳುವ ಶಕ್ತಿಯಿರಲಿಲ್ಲ. ಹೀಗಾಗಿ ಬಾಡಿಗೆಯ ವ್ಯವಹಾರ ಬೆಳೆಯಿತು. ಗಣೇಶನ ಹಬ್ಬ, ಊರಹಬ್ಬ, ಮದುವೆಮನೆಯ ಹಿಂದಿನ ರಾತ್ರಿ ಎಂದರೆ ಬಣ್ಣದ ಟಿ.ವಿ.ಯೂ ವಿಸಿಪಿಯೂ ಮೂರು ನಾಲ್ಕು ಕ್ಯಾಸೆಟ್ಟುಗಳೂ ಆಟೊದಲ್ಲಿ ಬಂದಿಳಿಯುತ್ತಿದ್ದವು. ಬೀದಿಯವರೆಲ್ಲ ಚಾಪೆ ತಂದು ಬೆಳಗಿನ ಜಾವದವರೆಗೆ ಕುಳಿತು ನೋಡಿದ ರಾತ್ರಿಗಳು ಅಂದಿನವರ ನೆನಪಿನಲ್ಲಿ ಇನ್ನೂ ಇವೆ. ಬೆಳಗ್ಗೆ ಬಾಡಿಗೆಯ ಅವಧಿ ಮುಗಿಯುವ ಮೊದಲು ಕೊನೆಯ ಚಿತ್ರ ಮುಗಿಸಲೇಬೇಕು ಎಂಬ ಹಟದಿಂದ ತೂಕಡಿಸುತ್ತಲೇ ನೋಡುತ್ತಿದ್ದವರೂ ಇದ್ದರು.

ಕಾನೂನು ಎಚ್ಚೆತ್ತ ವರ್ಷ

ಪರದೆ ಮನೆಯವರ ಕೈಗೆ ಬಂದದ್ದು ಎಲ್ಲರಿಗೂ ಹಿತವಾಗಲಿಲ್ಲ. ಚಿತ್ರಮಂದಿರದವರಿಗೆ ಗಲ್ಲಾಪೆಟ್ಟಿಗೆಯ ಚಿಂತೆ, ನಿರ್ಮಾಪಕರಿಗೆ ನಕಲಿನ ಚಿಂತೆ, ಸರ್ಕಾರಕ್ಕೆ ಮನರಂಜನಾ ತೆರಿಗೆಯ ಚಿಂತೆ. 1984 ಈ ದೃಷ್ಟಿಯಿಂದ ಗಮನಾರ್ಹ ವರ್ಷ.

ಆ ವರ್ಷದ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಸೋನಿ ಕಂಪನಿಯ ಮೇಲೆ ಯೂನಿವರ್ಸಲ್ ಸ್ಟುಡಿಯೊ ಹೂಡಿದ್ದ ಪ್ರಸಿದ್ಧ ಮೊಕದ್ದಮೆಯಲ್ಲಿ ತೀರ್ಪು ನೀಡಿತು. ಟಿ.ವಿ.ಯಲ್ಲಿ ಬಂದ ಕಾರ್ಯಕ್ರಮವನ್ನು ತನಗೆ ಅನುಕೂಲವಾದ ಸಮಯದಲ್ಲಿ ನೋಡಲು ಮನೆಯಲ್ಲಿ ಮುದ್ರಿಸಿಕೊಳ್ಳುವುದು ತಪ್ಪಲ್ಲ ಎಂದು ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಹೇಳಿದರು. ಒಂದೇ ಒಂದು ಮತದ ಅಂತರದಲ್ಲಿ ಅಲ್ಲಿ ವಿಸಿಆರ್ ಬದುಕಿತು. ಭಾರತದಲ್ಲಿ ಅದೇ ವರ್ಷ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು ವಿಡಿಯೊ ಚಿತ್ರಗಳನ್ನೂ ಅದರ ವ್ಯಾಪ್ತಿಗೆ ಸೇರಿಸಲಾಯಿತು. ಕರ್ನಾಟಕವಂತೂ ವಿಡಿಯೊ ಕ್ಯಾಸೆಟ್ ರೆಕಾರ್ಡರುಗಳ ಮೂಲಕ ಟಿ.ವಿ. ಪರದೆಯ ಮೇಲೆ ಚಲನಚಿತ್ರ ಪ್ರದರ್ಶಿಸುವುದನ್ನು ನಿಯಂತ್ರಿಸಲೆಂದೇ 1984ರಲ್ಲಿ ಒಂದು ಪ್ರತ್ಯೇಕ ಕಾಯ್ದೆ ಮಾಡಿತು.

ಮನೆಯಲ್ಲಿ ನೋಡುವುದಕ್ಕೂ ಹಣ ಪಡೆದು ನಾಲ್ಕು ಜನರಿಗೆ ತೋರಿಸುವುದಕ್ಕೂ ನಡುವಿನ ಗೆರೆಯನ್ನು ಎಳೆಯುವ ಪ್ರಯತ್ನ ಅಂದಿನಿಂದ ನಿಂತಿಲ್ಲ. 'ಗೂಂಡಾ ಕಾಯ್ದೆ' ಎಂದೇ ಜನ ಕರೆಯುವ ಕರ್ನಾಟಕದ 1985ರ ಕಾಯ್ದೆಗೆ 2014ರಲ್ಲಿ ಡಿಜಿಟಲ್ ಅಪರಾಧಿಗಳನ್ನು ಸೇರಿಸಲಾಯಿತು. 2023ರಲ್ಲಿ ಸಂಸತ್ತು ಸಿನಿಮಾಟೊಗ್ರಾಫ್ ಕಾಯ್ದೆಗೆ ತಿದ್ದುಪಡಿ ತಂದು ಚಿತ್ರಗಳನ್ನು ಕದ್ದು ಚಿತ್ರೀಕರಿಸುವವರಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ವಿಧಿಸಿತು. ಕ್ಯಾಸೆಟ್ ಹೋಗಿ ಡಿಸ್ಕ್ ಬಂದರೂ ವ್ಯಾಜ್ಯ ಅದೇ.

ಬಿಲ್ಲೆಗಳ ಕಾಲ

ತೊಂಬತ್ತರ ದಶಕದಲ್ಲಿ ಆಕಾಶದ ಕಡೆಯಿಂದ ಇನ್ನೊಂದು ಪ್ರವಾಹ ಬಂದಿತು. 1991ರ ಕೊಲ್ಲಿ ಯುದ್ಧದ ಚಿತ್ರಗಳೊಡನೆ ವಿದೇಶಿ ಚಾನೆಲ್ಲುಗಳು ಪರಿಚಯವಾದವು. 1992ರಲ್ಲಿ ಝೀ, 1994ರಲ್ಲಿ ಕನ್ನಡದ ಉದಯ ಟಿ.ವಿ. ಆರಂಭವಾದವು. ಬೀದಿಯ ಕಂಬದಿಂದ ಕಂಬಕ್ಕೆ ಕೇಬಲ್ ಹರಿದಾಡಿತು. ಬಾಡಿಗೆಯ ಕ್ಯಾಸೆಟ್ಟಿನ ವ್ಯಾಪಾರ ಇಳಿಮುಖವಾಯಿತು.

ಅದೇ ಹೊತ್ತಿಗೆ ಟೇಪಿನ ಜಾಗಕ್ಕೆ ಬಿಲ್ಲೆ ಬಂದಿತು. 1993ರಲ್ಲಿ ರೂಪುಗೊಂಡ ವಿಸಿಡಿ ಒಂದು ಬಿಲ್ಲೆಯಲ್ಲಿ ಒಂದೂಕಾಲು ಗಂಟೆಯಷ್ಟು ಚಿತ್ರವನ್ನು ಮಾತ್ರ ಹಿಡಿಯುತ್ತಿತ್ತು. ನಮ್ಮ ಎರಡೂವರೆ ಗಂಟೆಯ ಚಿತ್ರಕ್ಕೆ ಎರಡು ಬಿಲ್ಲೆ ಬೇಕು, ಉದ್ದನೆಯ ಚಿತ್ರವಾದರೆ ಮೂರು. ನಾಯಕಿ ಅಳುತ್ತಿರುವಾಗಲೇ ಬಿಲ್ಲೆ ಮುಗಿದು, ಎದ್ದು ಹೋಗಿ ಇನ್ನೊಂದನ್ನು ಹಾಕಬೇಕಾದ ಸಂದರ್ಭ ಎಲ್ಲ ಮನೆಗಳಿಗೂ ಪರಿಚಿತ. 1995ರಲ್ಲಿ ಕಂಪನಿಗಳು ಒಪ್ಪಿಕೊಂಡ ಡಿವಿಡಿ ಆ ತೊಂದರೆಯನ್ನು ನೀಗಿಸಿತು. ಅದರಲ್ಲಿ 4.7 ಗಿಗಾಬೈಟ್ ಮಾಹಿತಿ ಹಿಡಿಸುತ್ತಿತ್ತು.

ಬೆಂಗಳೂರಿನ ಮಟ್ಟಿಗೆ ಈ ಕಾಲದ ಕೇಂದ್ರಗಳು ಎರಡು. ಬಿಲ್ಲೆಗಳಿಗೆ ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್, ಅವನ್ನು ನಕಲು ಮಾಡುವ ಯಂತ್ರಗಳಿಗೂ ಬಿಡಿಭಾಗಗಳಿಗೂ ಎಸ್.ಪಿ. ರಸ್ತೆ. ಕಳ್ಳ ನಕಲಿನ ಬೆಲೆಗೆ ಅಸಲಿ ಬಿಲ್ಲೆಯನ್ನೇ ಕೊಟ್ಟು ನಕಲಿನವರನ್ನು ಸೋಲಿಸಬಹುದು ಎಂದು ಲೆಕ್ಕ ಹಾಕಿದ ಕಂಪನಿಯೂ ಒಂದಿತ್ತು. ಮೋಸರ್ ಬೇರ್ ಎಂಬ ಆ ಭಾರತೀಯ ಕಂಪನಿ 2007ರಲ್ಲಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರಿತು. ಲೆಕ್ಕ ತಪ್ಪಿರಲಿಲ್ಲ. ಆದರೆ ಬಿಲ್ಲೆಯ ಆಯುಷ್ಯವೇ ಮುಗಿಯುತ್ತ ಬಂದಿತ್ತು. ಆ ಕಂಪನಿ 2018ರಲ್ಲಿ ದಿವಾಳಿಯ ಹಾದಿ ಹಿಡಿಯಿತು.

ಒಂದು ಟನ್ನಿನಿಂದ ಅಂಗೈಗೆ

ಬಿಲ್ಲೆಯನ್ನು ಬದಿಗೆ ಸರಿಸಿದ ಹಾರ್ಡ್ ಡಿಸ್ಕ್ ಅದಕ್ಕಿಂತ ಹಳೆಯದು. ಐಬಿಎಂ ಕಂಪನಿ 1956ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ 'ರಾಮ್ಯಾಕ್' ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ಲೋಹದ ತಟ್ಟೆಗಳಿದ್ದವು. ಸುಮಾರು ಒಂದು ಟನ್ ತೂಗುತ್ತಿದ್ದ ಅದರಲ್ಲಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರಗಳು ಮಾತ್ರ. ಇಂದು ಅಂಗಿಯ ಜೇಬಿನಲ್ಲಿ ಹಿಡಿಸುವ ಒಂದು ಟೆರಾಬೈಟ್ ಡಿಸ್ಕಿಗೆ ಸಮನಾಗಲು ಅಂಥ ಎರಡು ಲಕ್ಷ ಯಂತ್ರಗಳು ಬೇಕು.

ತತ್ವ ಮಾತ್ರ ಬದಲಾಗಿಲ್ಲ. ಕಾಂತೀಯ ಲೇಪನವಿರುವ ತಟ್ಟೆ ತಿರುಗುತ್ತದೆ. ಹೊರಗಿನಿಂದ ಜೋಡಿಸುವ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಅದರ ಮೇಲೆ ಕೂದಲೆಳೆಯ ದಪ್ಪದ ಸಾವಿರ ಪಾಲಿನಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಎತ್ತರದಲ್ಲಿ ಓದುವ ಮುಳ್ಳು ತೇಲುತ್ತದೆ. ಇಷ್ಟು ಸೂಕ್ಷ್ಮ ಗುರುತುಗಳನ್ನು ಓದಲು ನೆರವಾದ ಭೌತ ವಿದ್ಯಮಾನವನ್ನು ಕಂಡುಹಿಡಿದ ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ ಅವರಿಗೆ 2007ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಚಾಲನೆಯಲ್ಲಿರುವ ಡಿಸ್ಕನ್ನು ಎತ್ತಿ ಆಡಿಸಬಾರದು, ಬೀಳಿಸಬಾರದು ಎನ್ನುವುದಕ್ಕೆ ಕಾರಣ ಈ ತೇಲುವ ಮುಳ್ಳು. ಅದು ತಟ್ಟೆಗೆ ತಾಗಿದರೆ ಅಲ್ಲಿದ್ದ ಮಾಹಿತಿ ಕೆರೆದುಹೋಗುತ್ತದೆ.

ಡಿಸ್ಕಿಗೂ ಟಿ.ವಿ.ಗೂ ನಂಟು ಬೆಸೆದದ್ದು ಯುಎಸ್‌ಬಿ. ಕಂಪ್ಯೂಟರಿನ ಬೆನ್ನಿನಲ್ಲಿ ಕೀಬೋರ್ಡಿಗೊಂದು, ಮುದ್ರಕಕ್ಕೊಂದು ಎಂದು ಬಗೆಬಗೆಯ ಕಿಂಡಿಗಳಿದ್ದ ಕಾಲದಲ್ಲಿ ಎಲ್ಲಕ್ಕೂ ಒಂದೇ ಕಿಂಡಿ ಸಾಕು ಎಂಬ ಆಲೋಚನೆಯಿಂದ 1996ರಲ್ಲಿ ಅದು ಹೊರಬಂದಿತು. ಅದನ್ನು ರೂಪಿಸಿದವರಲ್ಲಿ ಪ್ರಮುಖರು ಇಂಟೆಲ್ ಕಂಪನಿಯ ಅಜಯ್ ಭಟ್, ವಡೋದರದಲ್ಲಿ ಓದಿದವರು. ಮೊದಲ ಯುಎಸ್‌ಬಿ ಸೆಕೆಂಡಿಗೆ ಹೆಚ್ಚೆಂದರೆ 12 ಮೆಗಾಬಿಟ್ ಸಾಗಿಸುತ್ತಿತ್ತು. ಒಂದು ಡಿವಿಡಿಯಷ್ಟು ಮಾಹಿತಿ ದಾಟಿಸಲು ಸುಮಾರು ಒಂದು ಗಂಟೆ. 2000ದಲ್ಲಿ ಬಂದ ಎರಡನೆಯ ಆವೃತ್ತಿ 480 ಮೆಗಾಬಿಟ್ ವೇಗ ತಲುಪಿದಾಗ ಅದೇ ಕೆಲಸ ಕೆಲವೇ ನಿಮಿಷಗಳಿಗೆ ಇಳಿಯಿತು. ಚಲನಚಿತ್ರ ಓಡಿಸಲು ಆ ವೇಗ ಧಾರಾಳ.

ಯುಎಸ್‌ಬಿ ಕಿಂಡಿ ಮೊದಲು ಡಿವಿಡಿ ಪ್ಲೇಯರುಗಳ ಮುಂಭಾಗದಲ್ಲಿ ಕಾಣಿಸಿಕೊಂಡಿತು. 2010ರ ಆಸುಪಾಸಿನಲ್ಲಿ ಟಿ.ವಿ.ಗಳೇ ಅದನ್ನು ಹೊತ್ತು ಬರತೊಡಗಿದವು. ಇದೇ ಹೊತ್ತಿಗೆ ಊರೂರಿನ ಮೊಬೈಲ್ ಅಂಗಡಿಗಳು ಮೆಮೊರಿ ಕಾರ್ಡಿಗೆ, ಪೆನ್‌ಡ್ರೈವಿಗೆ ಹಾಡು ಸಿನಿಮಾ ತುಂಬಿಸಿಕೊಡುವ ತಾಣಗಳಾದವು. ಬಾಡಿಗೆಯ ಕ್ಯಾಸೆಟ್ ಅಂಗಡಿಯ ಹೊಸ ಅವತಾರ ಇದು ಎನ್ನಬಹುದು, ಒಂದು ವ್ಯತ್ಯಾಸದೊಂದಿಗೆ: ಇಲ್ಲಿ ತಂದದ್ದನ್ನು ಹಿಂದಿರುಗಿಸುವಂತಿಲ್ಲ.

ಈ ಬದಲಾವಣೆ ಮೇಲ್ನೋಟಕ್ಕೆ ಕಾಣುವುದಕ್ಕಿಂತ ದೊಡ್ಡದು. ಅದುವರೆಗೆ ಟಿ.ವಿ. ಬರೀ ಕನ್ನಡಿ. ವಿಸಿಆರ್ ಆಗಲಿ ಡಿವಿಡಿ ಪ್ಲೇಯರ್ ಆಗಲಿ ಚಿತ್ರವನ್ನು ಸಿದ್ಧಪಡಿಸಿ ಕಳಿಸುತ್ತಿತ್ತು, ಟಿ.ವಿ. ತೋರಿಸುತ್ತಿತ್ತು. ಹಾರ್ಡ್ ಡಿಸ್ಕ್ ಚಿತ್ರವನ್ನು ಕಳಿಸುವುದಿಲ್ಲ. ಅದರಲ್ಲಿರುವುದು ಅಂಕಿಗಳ ರಾಶಿ, ಅಷ್ಟೆ. ಆ ರಾಶಿಯಲ್ಲಿ ಬೇಕಾದ ಫೈಲನ್ನು ಹುಡುಕಿ, ಓದಿ, ಬಿಡಿಸಿ ಚಿತ್ರ ಮಾಡುವ ಕೆಲಸ ಟಿ.ವಿ.ಯದೇ. ಕನ್ನಡಿಯಾಗಿದ್ದ ಟಿ.ವಿ. ಓದುಬರಹ ಕಲಿತು ಕಂಪ್ಯೂಟರ್ ಆಯಿತು. ಕಲಿತವರಿಗೂ ಎಲ್ಲ ಲಿಪಿಗಳು ಬರುವುದಿಲ್ಲವಷ್ಟೆ. ಮನೆಮಂದಿಯ ಗೊಣಗಾಟ ಆರಂಭವಾಗುವುದು ಅಲ್ಲಿಂದಲೇ.

ಓದಲಾರೆ ಎನ್ನುವುದೇಕೆ?

ಡಿಸ್ಕ್ ಜೋಡಿಸಿದರೂ ಟಿ.ವಿ. ಸುಮ್ಮನಿರುವುದಕ್ಕೆ ಮೊದಲ ಕಾರಣ ವಿದ್ಯುತ್ತು. ಯುಎಸ್‌ಬಿ ಎರಡನೆಯ ಆವೃತ್ತಿಯ ಕಿಂಡಿ ನಿಯಮದಂತೆ ಕೊಡುವುದು 5 ವೋಲ್ಟಿನಲ್ಲಿ 500 ಮಿಲಿ ಆಂಪಿಯರ್. ನಿಂತಿದ್ದ ತಟ್ಟೆಯನ್ನು ತಿರುಗಿಸಲು ಆರಂಭದ ಕ್ಷಣದಲ್ಲಿ ಇದಕ್ಕಿಂತ ಹೆಚ್ಚು ಬೇಕಾಗಬಹುದು. ಆಗ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತ ಸೋಲುತ್ತದೆ. ಗೋಡೆಗೆ ಅಂಟಿದಂತೆ ಟಿ.ವಿ. ತೂಗುಹಾಕಿರುವ ಮನೆಗಳಲ್ಲಿ ಕಿಂಡಿ ಕೈಗೆ ಸಿಗದೆ ಉದ್ದನೆಯ ಕೇಬಲ್ ಎಳೆಯುತ್ತಾರೆ. ಉದ್ದ ಹೆಚ್ಚಿದಷ್ಟೂ ವೋಲ್ಟೇಜ್ ಇಳಿಯುತ್ತದೆ. ಮೇಜಿನ ಮೇಲಿಡುವ ದೊಡ್ಡ ಡಿಸ್ಕುಗಳಿಗಂತೂ ಪ್ರತ್ಯೇಕ ಅಡಾಪ್ಟರ್ ಬೇಕೇ ಬೇಕು.

ಎರಡನೆಯದು ಕಪಾಟಿನ ಕ್ರಮ. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಲು ಒಂದು ಪದ್ಧತಿಯಿರುವಂತೆ ಡಿಸ್ಕಿನಲ್ಲಿ ಫೈಲು ಜೋಡಿಸಲೂ ಪದ್ಧತಿಗಳಿವೆ. ಹಳೆಯ ಫ್ಯಾಟ್32 ಪದ್ಧತಿಯನ್ನು ಹೆಚ್ಚುಕಡಿಮೆ ಎಲ್ಲ ಟಿ.ವಿ.ಗಳೂ ಬಲ್ಲವು. ಆದರೆ ಅದರಲ್ಲಿ ಒಂದು ಫೈಲಿನ ಗಾತ್ರ 4 ಗಿಗಾಬೈಟ್ ಮೀರುವಂತಿಲ್ಲ. ಸೆಕೆಂಡಿಗೆ 5 ಮೆಗಾಬಿಟ್ ಗುಣಮಟ್ಟದ ಮೂರು ಗಂಟೆಯ ಮದುವೆಯ ವಿಡಿಯೊ ಸುಮಾರು 6.75 ಗಿಗಾಬೈಟ್ ಆಗುತ್ತದೆ. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿದ್ದರೂ 'ಜಾಗವಿಲ್ಲ' ಎಂಬ ವಿಚಿತ್ರ ಉತ್ತರ ಬರುವುದು ಇದರಿಂದಲೇ. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಪದ್ಧತಿಗಳಿಗೆ ಈ ಮಿತಿಯಿಲ್ಲ, ಆದರೆ ಎಲ್ಲ ಟಿ.ವಿ.ಗಳಿಗೂ ಅವು ತಿಳಿದಿರುವುದಿಲ್ಲ. ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ. ಕೆಲವು ಟಿ.ವಿ.ಗಳೂ ಸೆಟ್‌ಟಾಪ್ ಬಾಕ್ಸುಗಳೂ ಅಪರಿಚಿತ ಡಿಸ್ಕನ್ನು ಕಂಡಾಗ 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳುತ್ತವೆ. ಹೌದು ಎಂದರೆ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ.

ಮೂರನೆಯದು ಚಿತ್ರವನ್ನು ಮಡಚಿಟ್ಟ ಬಗೆ. ವಿಡಿಯೊವನ್ನು ಇದ್ದಂತೆಯೇ ಇಟ್ಟರೆ ಯಾವ ಡಿಸ್ಕೂ ಸಾಲದು. ಅದಕ್ಕಾಗಿ ಗಣಿತದ ಸೂತ್ರಗಳಿಂದ ಅದನ್ನು ಮಡಚುತ್ತಾರೆ. 2003ರಲ್ಲಿ ಬಂದ ಎಚ್.264 ವಿಧಾನ ಬಲ್ಲ ಟಿ.ವಿ.ಗೆ 2013ರ ಎಚ್‌ಇವಿಸಿ ತಿಳಿಯದಿರಬಹುದು. ಚಿತ್ರ ಮೂಡಿ ಧ್ವನಿ ಬಾರದಿದ್ದರೆ ಆ ಧ್ವನಿವಿಧಾನಕ್ಕೆ ಟಿ.ವಿ. ಕಂಪನಿ ಪರವಾನಗಿ ಪಡೆದಿಲ್ಲ ಎಂದೇ ಅನೇಕ ವೇಳೆ ಅರ್ಥ.

ನಾಲ್ಕನೆಯದು ಕನ್ನಡಿಗರಿಗೇ ವಿಶೇಷವಾದ ತೊಡಕು. ಫೈಲಿಗೆ 'ಅಜ್ಜಿಯ ಷಷ್ಟ್ಯಬ್ದಿ' ಎಂದು ಕನ್ನಡದಲ್ಲಿ ಹೆಸರಿಟ್ಟರೆ ಕೆಲವು ಟಿ.ವಿ.ಗಳ ಪರದೆಯ ಮೇಲೆ ಬರೀ ಚೌಕಗಳು ಮೂಡುತ್ತವೆ, ಇಲ್ಲವೇ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬೀಳುತ್ತವೆ. 1991ರ ಮೊದಲ ಆವೃತ್ತಿಯಿಂದಲೇ ಯುನಿಕೋಡ್‌ನಲ್ಲಿ ಕನ್ನಡವಿದೆ. ಆದರೆ ಸಂಕೇತವಿದ್ದರೆ ಸಾಲದು, ಅಕ್ಷರದ ಅಚ್ಚನ್ನೂ ಒತ್ತು ಕೂಡಿಸುವ ನಿಯಮವನ್ನೂ ಟಿ.ವಿ.ಯೊಳಗೆ ಯಾರಾದರೂ ಇಟ್ಟಿರಬೇಕು. ಹೀಗಾಗಿ ಕನ್ನಡ ಚಿತ್ರಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಡುವುದು ರೂಢಿಯಾಯಿತು. ಹತ್ತು ವರ್ಷದ ಮೇಲೆ ಹುಡುಕುವಾಗ ಯಾವ ಕಾಗುಣಿತದಲ್ಲಿ ಬರೆದಿದ್ದೆವೆಂದು ನೆನಪಾಗದೆ ಪರದಾಡುವುದೂ ರೂಢಿಯಾಯಿತು.

ಹವಾನಾದ ಪೊಟ್ಟಣ

ಹಾರ್ಡ್ ಡಿಸ್ಕನ್ನು ಟಿ.ವಿ.ಗೆ ಜೋಡಿಸುವ ಕಲೆ ಒಂದು ದೇಶದ ಸಂಸ್ಕೃತಿಯನ್ನೇ ಹೇಗೆ ರೂಪಿಸಬಲ್ಲದು ಎಂಬುದಕ್ಕೆ ಕ್ಯೂಬಾ ನಿದರ್ಶನ. ಅಂತರ್ಜಾಲ ದುಬಾರಿಯೂ ದುರ್ಲಭವೂ ಆಗಿದ್ದ ಆ ದೇಶದಲ್ಲಿ 'ವಾರದ ಪೊಟ್ಟಣ' ಎಂಬ ಅರ್ಥದ ಹೆಸರಿನ ಒಂದು ವ್ಯವಸ್ಥೆ ಬೆಳೆಯಿತು. ಸುಮಾರು ಒಂದು ಟೆರಾಬೈಟಿನಷ್ಟು ಚಿತ್ರ, ಧಾರಾವಾಹಿ, ಸುದ್ದಿ, ಹಾಡುಗಳನ್ನು ಹಾರ್ಡ್ ಡಿಸ್ಕಿನಲ್ಲಿ ತುಂಬಿ, ಕೈಯಿಂದ ಕೈಗೆ, ಊರಿನಿಂದ ಊರಿಗೆ ಸಾಗಿಸಿ ವಾರಕ್ಕೊಮ್ಮೆ ಮನೆಮನೆಗೆ ಮುಟ್ಟಿಸುತ್ತಿದ್ದರು. ಸರ್ಕಾರಿ ಟಿ.ವಿ. ತೋರಿಸದ್ದನ್ನು ಜನ ತಮ್ಮ ಟಿ.ವಿ.ಯಲ್ಲೇ ನೋಡಿದರು. ಗೋಪುರದ ಒಡೆತನವನ್ನು ಕಿಂಡಿಯೊಂದು ಮುರಿದದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು.

ನಮ್ಮಲ್ಲಿ ಚಕ್ರ ಇನ್ನೊಂದು ಕಡೆಗೆ ತಿರುಗಿತು. 2013ರ ಮಾರ್ಚ್ ಕೊನೆಯನ್ನು ಬೆಂಗಳೂರು ಮತ್ತು ಮೈಸೂರಿನ ಕೇಬಲ್ ಡಿಜಿಟಲೀಕರಣಕ್ಕೆ ಗಡುವೆಂದು ನಿಗದಿಪಡಿಸಲಾಗಿತ್ತು. ಆಗ ಮನೆಮನೆಗೂ ಸೆಟ್‌ಟಾಪ್ ಬಾಕ್ಸ್ ಬಂದಿತು. ಕೆಲವು ಬಾಕ್ಸುಗಳಿಗೆ ಹಾರ್ಡ್ ಡಿಸ್ಕ್ ಜೋಡಿಸಿ ಕಾರ್ಯಕ್ರಮ ಮುದ್ರಿಸಿಕೊಳ್ಳಬಹುದು, ಆದರೆ ಅದಕ್ಕೆ ಬೀಗ ಬಿದ್ದಿರುತ್ತದೆ. ಅದೇ ಬಾಕ್ಸಿನಲ್ಲಿ ಬಿಟ್ಟರೆ ಬೇರೆಲ್ಲೂ ಓಡದು. 2016ರ ನಂತರ ಮೊಬೈಲ್ ಡೇಟಾ ಅಗ್ಗವಾಗಿ, ಅಂತರ್ಜಾಲದ ಮೂಲಕ ಚಿತ್ರ ತೋರಿಸುವ ಕಂಪನಿಗಳು ಬಂದ ಮೇಲೆ ಬಹಳ ಮನೆಗಳಲ್ಲಿ ಟಿ.ವಿ.ಯ ಯುಎಸ್‌ಬಿ ಕಿಂಡಿಗೆ ಧೂಳು ಹಿಡಿಯಿತು. ತಿಂಗಳ ಚಂದಾ ಕಟ್ಟಿದರೆ ಸಾವಿರಾರು ಚಿತ್ರ. ಆದರೆ ಕಂಪನಿಯ ಹಕ್ಕಿನ ಅವಧಿ ಮುಗಿದ ದಿನ ಚಿತ್ರ ಪಟ್ಟಿಯಿಂದ ಸದ್ದಿಲ್ಲದೆ ಮಾಯವಾಗುತ್ತದೆ. ಏನು, ಯಾವಾಗ ಎಂಬ ನಿರ್ಧಾರ ಮತ್ತೆ ಮನೆಯಿಂದಾಚೆಗೆ ಹೋಗಿದೆ.

ಉಳಿಯುವುದು ಯಾವುದು?

ಚಲನಚಿತ್ರದ ಮಾತು ಹಾಗಿರಲಿ, ಅದನ್ನು ಉಳಿಸಲು ಸಂಸ್ಥೆಗಳಾದರೂ ಇವೆ. ಅವುಗಳಿದ್ದೂ ನಷ್ಟವೇನು ಕಡಿಮೆಯಲ್ಲ. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಒಂದು ಪ್ರತಿಯೂ ಉಳಿದಿಲ್ಲ. ಅದಕ್ಕೆ ಪ್ರತಿಯಾಗಿ, ಗಿರೀಶ ಕಾಸರವಳ್ಳಿ ಅವರ 1977ರ 'ಘಟಶ್ರಾದ್ಧ' ಪುನರುಜ್ಜೀವಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ಬೆಳಕು ಕಂಡಿತು. ಒಂದು ಉಳಿಯಿತು, ಇನ್ನೊಂದು ಉಳಿಯಲಿಲ್ಲ. ಉಳಿದದ್ದರ ಹಿಂದೆ ಅದನ್ನು ಕಾಯ್ದಿರಿಸಿದ ಕೈಗಳಿದ್ದವು.

ಮನೆಯ ಮದುವೆ, ಉಪನಯನ, ನಾಮಕರಣಗಳ ವಿಡಿಯೊಗಳಿಗೆ ಅಂಥ ಯಾವ ಭಂಡಾರವೂ ಇಲ್ಲ. ಎಂಬತ್ತರ ದಶಕದ ನಡುವಿನಿಂದ ಎರಡು ದಶಕ ಕಾಲ ಕನ್ನಡ ನಾಡಿನ ಛತ್ರಗಳಲ್ಲಿ ನಡೆದ ಎಷ್ಟೋ ಮದುವೆಗಳು ವಿಎಚ್‌ಎಸ್ ಟೇಪಿನ ಮೇಲಿವೆ. ಅಜ್ಜ ನಗುವ ರೀತಿ, ಅಜ್ಜಿ ಹೇಳಿದ ಹಸೆಹಾಡು, ಈಗ ಕಾಣದಾದ ಸೀರೆಯ ಅಂಚು, ಮಂಟಪದ ಚಪ್ಪರ, ಊಟದ ಪಂಕ್ತಿ, ಬಡಿಸುವವರ ಮಾತಿನ ಧಾಟಿ ಎಲ್ಲವೂ ಅಲ್ಲಿವೆ. ಫೋಟೊದಲ್ಲಿ ಮುಖ ಸಿಗುತ್ತದೆ, ಮಾತಿನ ಧಾಟಿ ಸಿಗುವುದಿಲ್ಲ. ಕೋಣನಕುಂಟೆಯಂತಹ ಊರುಗಳ ಮಟ್ಟಿಗೆ ಇನ್ನೊಂದು ಮಾತೂ ಇದೆ. ಮದುವೆಯ ಮೆರವಣಿಗೆಯ ಹಿನ್ನೆಲೆಯಲ್ಲಿ ಅರೆಕ್ಷಣ ಕಾಣುವ ಹೊಲ, ಹೆಂಚಿನ ಮನೆ, ಮಣ್ಣಿನ ರಸ್ತೆಗಳ ಚಲಿಸುವ ಚಿತ್ರ ಬಹುಶಃ ಬೇರೆಲ್ಲೂ ಉಳಿದಿರಲಾರದು.

ಈ ಟೇಪುಗಳಿಗೆ ಎರಡು ಕಡೆಯಿಂದ ಗಂಡಾಂತರವಿದೆ. ಟೇಪಿನ ಕಾಂತೀಯ ಲೇಪನ ವರ್ಷಗಳು ಕಳೆದಂತೆ ಸಡಿಲವಾಗುತ್ತದೆ. ಮಲೆನಾಡು ಕರಾವಳಿಗಳ ತೇವದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಟೇಪು ಚೆನ್ನಾಗಿದ್ದರೂ ಓಡಿಸುವ ಯಂತ್ರ ಬೇಕಲ್ಲ? ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯೆನಿಸಿದ್ದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಆ ಕೆಲಸ ನಿಲ್ಲಿಸಿತು. ಇರುವ ಯಂತ್ರಗಳ ರಬ್ಬರ್ ಬೆಲ್ಟು, ಹೆಡ್ಡುಗಳು ಸವೆಯುತ್ತಿವೆ, ರಿಪೇರಿ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಯುನೆಸ್ಕೊ ಮತ್ತು ಧ್ವನಿ-ದೃಶ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ 2019ರಲ್ಲೇ ಈ ಬಗ್ಗೆ ಎಚ್ಚರಿಕೆಯ ಕರೆ ನೀಡಿ, ಕಾಂತೀಯ ಟೇಪುಗಳನ್ನು ಸುಲಭವಾಗಿ ನಕಲು ಮಾಡಿಕೊಳ್ಳಬಹುದಾದ ಕಾಲ 2025ರ ಸುಮಾರಿಗೆ ಮುಗಿಯುತ್ತ ಬರುತ್ತದೆ ಎಂದಿದ್ದವು.

ಟೇಪನ್ನು ಹಾರ್ಡ್ ಡಿಸ್ಕಿಗೆ ಇಳಿಸುವುದು ಕಷ್ಟದ ಕೆಲಸವಲ್ಲ. ಓಡುವ ವಿಸಿಆರ್‌ನ ಹಳದಿ, ಕೆಂಪು, ಬಿಳಿ ತಂತಿಗಳನ್ನು ಒಂದು ಸಣ್ಣ ಪರಿವರ್ತಕದ ಮೂಲಕ ಕಂಪ್ಯೂಟರಿಗೆ ಸೇರಿಸಿದರೆ ಮೂರು ಗಂಟೆಯ ಟೇಪು ಮೂರು ಗಂಟೆಯಲ್ಲಿ ಫೈಲಾಗುತ್ತದೆ. ಹಣ ಪಡೆದು ಇದನ್ನು ಮಾಡಿಕೊಡುವ ಸ್ಟುಡಿಯೊಗಳು ನಗರದಲ್ಲಿವೆ. ಆದರೆ ಅಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯುವುದು ತಪ್ಪು. ಸಾವಿರಾರು ಡಿಸ್ಕುಗಳನ್ನು ಬಳಸುವ ಅಮೆರಿಕದ ಬ್ಯಾಕ್‌ಬ್ಲೇಜ್ ಕಂಪನಿ ವರ್ಷವರ್ಷವೂ ಪ್ರಕಟಿಸುವ ಲೆಕ್ಕದಂತೆ ತಂಪು ಕೊಠಡಿಯಲ್ಲಿ ಓಡುವ ಡಿಸ್ಕುಗಳಲ್ಲೇ ವರ್ಷಕ್ಕೆ ನೂರಕ್ಕೆ ಒಂದೆರಡು ಕೆಡುತ್ತವೆ. ಶೋಕೇಸಿನಿಂದ ಬೀಳುವ, ಮಕ್ಕಳ ಕೈಗೆ ಸಿಗುವ, ಕರೆಂಟ್ ಹೋದಾಗ ಥಟ್ಟನೆ ನಿಲ್ಲುವ ಮನೆಯ ಡಿಸ್ಕಿಗೆ ಅಪಾಯ ಇನ್ನೂ ಹೆಚ್ಚು. ಟೇಪಿನ ಒಂದು ತುದಿ ಹಾಳಾದರೆ ಉಳಿದ ಭಾಗ ನೋಡಬಹುದಿತ್ತು. ಡಿಸ್ಕ್ ಕೆಟ್ಟರೆ ಇಪ್ಪತ್ತು ಮದುವೆ ಒಮ್ಮೆಲೇ ಹೋಗುತ್ತವೆ.

ಆದ್ದರಿಂದ ಬಲ್ಲವರು ಹೇಳುವುದು ಇಷ್ಟು. ಪ್ರತಿ ಎರಡಿರಲಿ, ಸಾಧ್ಯವಾದರೆ ಮೂರು. ಒಂದು ಬೇರೆ ಊರಿನ ಅಕ್ಕನ ಮನೆಯಲ್ಲೋ ಅಣ್ಣನ ಮನೆಯಲ್ಲೋ ಇರಲಿ. ಟಿ.ವಿ.ಗೆ ಜೋಡಿಸುವ ಡಿಸ್ಕ್ ನೋಡುವುದಕ್ಕೆ, ಕಾಪಾಡುವ ಡಿಸ್ಕ್ ಕಪಾಟಿಗೆ. ಕಪಾಟಿನಲ್ಲಿರುವುದನ್ನೂ ವರ್ಷಕ್ಕೊಮ್ಮೆ ತೆಗೆದು ಓಡಿಸಿ ನೋಡಬೇಕು, ಐದಾರು ವರ್ಷಕ್ಕೊಮ್ಮೆ ಹೊಸದಕ್ಕೆ ದಾಟಿಸಬೇಕು. ಡಿಸ್ಕಿನ ಮೇಲೊಂದು ಚೀಟಿ ಅಂಟಿಸಿ ಒಳಗಿರುವ ಮದುವೆ ಯಾರದು, ಯಾವ ಇಸವಿಯದು, ಯಾವ ಛತ್ರದಲ್ಲಿ ನಡೆದದ್ದು ಎಂದು ಕೈಯಲ್ಲಿ ಬರೆದಿಡಬೇಕು. ಚೀಟಿಯ ಕನ್ನಡವನ್ನು ಓದಲು ಯಾವ ಟಿ.ವಿ.ಯ ಅಪ್ಪಣೆಯೂ ಬೇಕಿಲ್ಲ.

ಇದೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಕ್ಯಾಸೆಟ್ಟುಗಳನ್ನು ಕೆಳಗಿಳಿಸಬೇಕು. ಚಿತ್ರದಲ್ಲಿ ಕಾಣುವವರು ಯಾರು ಯಾರೆಂದು ಗುರುತು ಹೇಳಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಅದನ್ನು ಮಾಡಿದರೆ ಒಳ್ಳೆಯದು.